ಪೆಟ್ಟಿಗೆಯ ಮೇಲೆ ಸಾವಿರ, ಒಳಗೆ ಒಂಬೈನೂರ ಮೂವತ್ತೊಂದು



ಮದುವೆಯ ವೀಡಿಯೋ, ಯಕ್ಷಗಾನದ ರೆಕಾರ್ಡಿಂಗ್, ಜಾಗದ ದಾಖಲೆಗಳ ಪ್ರತಿ, ಇವನ್ನೆಲ್ಲ ಜೋಪಾನವಾಗಿಡಲು ಈಗ ನಮ್ಮ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಮನೆಗಳಿಗೂ ಹಾರ್ಡ್ ಡಿಸ್ಕ್ ಬಂದಿದೆ. ಪೆಟ್ಟಿಗೆಯ ಮೇಲೆ 1 ಟಿ.ಬಿ., ಅಂದರೆ 1000 ಜಿ.ಬಿ. ಎಂದಿರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ ಕಾಣುವುದು 931 ಮಾತ್ರ. ಉಳಿದ 69 ಎಲ್ಲಿ ಹೋಯಿತು? ಅಂಗಡಿಯವರು ಮೋಸ ಮಾಡಿದರೇ?

ಇಲ್ಲ. ಇದು ಅಳತೆಯ ವ್ಯತ್ಯಾಸ. ನಮ್ಮ ಹಿರಿಯರು ಇಂಥದ್ದೇ ಒಂದನ್ನು ಕಂಡವರು. ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಒಟ್ಟು 64 ಪೈಸೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಯಾಯಿತು. ಹೆಸರು ಒಂದೇ, ಬೆಲೆ ಬೇರೆ. ಗೊಂದಲ ಬೇಡವೆಂದು ಸರಕಾರವು ಹೊಸದನ್ನು ‘ನಯಾ ಪೈಸೆ’ ಎಂದು ಕರೆಯಿತು. 1964ರಲ್ಲಿ ಜನರಿಗೆ ರೂಢಿಯಾದ ಮೇಲೆ ‘ನಯಾ’ ಬಿಟ್ಟುಹೋಯಿತು.

ಜಿ.ಬಿ.ಯ ಕಥೆಯೂ ಹೀಗೆಯೇ. ಡಿಸ್ಕ್ ತಯಾರಿಸುವವರು ನಮ್ಮಂತೆ ಹತ್ತರ ಲೆಕ್ಕದವರು. ಅವರ ಒಂದು ಜಿ.ಬಿ. ಎಂದರೆ 100 ಕೋಟಿ ಬೈಟ್. ಕಂಪ್ಯೂಟರಿನ ಒಳಗಿನ ಲೆಕ್ಕ ಎರಡರದು. ಎರಡನ್ನು ಹತ್ತು ಸಲ ಗುಣಿಸಿದರೆ 1024. ಸಾವಿರಕ್ಕೆ ಹತ್ತಿರವೆಂದು ಅದನ್ನೇ ‘ಕಿಲೋ’ ಎಂದು ಕರೆಯುವ ರೂಢಿ ಬಂತು. ವಿಂಡೋಸ್ ಇಂದಿಗೂ 1024ರಿಂದಲೇ ಭಾಗಿಸುತ್ತದೆ. ಅದರ ಒಂದು ಜಿ.ಬಿ.ಗೆ 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್ ಬೇಕು. ನಿಮ್ಮ ಡಿಸ್ಕಿನಲ್ಲಿರುವುದು ಒಂದು ಲಕ್ಷ ಕೋಟಿ ಬೈಟ್. ಭಾಗಿಸಿ ನೋಡಿ, 931 ಬರುತ್ತದೆ. ಒಂದು ಬೈಟೂ ಕಳೆದುಹೋಗಿಲ್ಲ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಚಕ್ರಬಡ್ಡಿ. ಕಿಲೋದಲ್ಲಿ ನೂರಕ್ಕೆ 2.4ರ ವ್ಯತ್ಯಾಸ, ಮೆಗಾದಲ್ಲಿ ಸುಮಾರು 5, ಗಿಗಾದಲ್ಲಿ 7ಕ್ಕೂ ಮೇಲೆ, ಟೆರಾದಲ್ಲಿ ಹತ್ತಿರ ಹತ್ತಿರ 10. ಡಿಸ್ಕ್ ದೊಡ್ಡದಾದಷ್ಟೂ ಅಂತರ ಹೆಚ್ಚು.

1998ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1024ರ ಲೆಕ್ಕಕ್ಕೆ ‘ಕಿಬಿ, ಮೆಬಿ, ಗಿಬಿ’ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಆದರೆ ‘ನಯಾ ಪೈಸೆ’ಯಂತೆ ಅವು ಜನರ ಬಾಯಿಗೆ ಬರಲಿಲ್ಲ. ಆಪಲ್ ಕಂಪೆನಿ 2009ರಲ್ಲಿ ತನ್ನ ಕಂಪ್ಯೂಟರುಗಳಲ್ಲಿ ಹತ್ತರ ಲೆಕ್ಕಕ್ಕೆ ಬಂತು. ಹಾಗಾಗಿ ಅದೇ ಡಿಸ್ಕ್ ಅಲ್ಲಿ ಸಾವಿರವನ್ನೇ ತೋರಿಸುತ್ತದೆ.

ನೆನಪಿಡಲು ಸುಲಭ ಸೂತ್ರ ಇದು: ಪೆಟ್ಟಿಗೆಯ ಮೇಲಿನ ಜಿ.ಬಿ.ಯನ್ನು 93ರಿಂದ ಗುಣಿಸಿ 100ರಿಂದ ಭಾಗಿಸಿ. 500 ಇದ್ದರೆ 465. ಇದರ ಆಸುಪಾಸಿನಲ್ಲಿದ್ದರೆ ಚಿಂತೆ ಬೇಡ. ಮೊಬೈಲ್ ಫೋನಿನ ವಿಷಯ ಮಾತ್ರ ಬೇರೆ. ಅಲ್ಲಿ ಫೋನ್ ನಡೆಸುವ ವ್ಯವಸ್ಥೆಯೇ ಸ್ವಲ್ಪ ಜಾಗ ತೆಗೆದುಕೊಳ್ಳುತ್ತದೆ.

ನಿಜವಾದ ಮೋಸ ಬೇರೆಯೇ ಇದೆ. ತೀರಾ ಅಗ್ಗಕ್ಕೆ ಮಾರುವ ‘2 ಟಿ.ಬಿ.’ ಪೆನ್ ಡ್ರೈವುಗಳಲ್ಲಿ ಕೆಲವು ನಕಲಿ. ಅವು ಪರದೆಯಲ್ಲಿ ದೊಡ್ಡ ಸಂಖ್ಯೆಯನ್ನೇ ತೋರಿಸುತ್ತವೆ, ಒಳಗಿನ ಜಾಗ ಮಾತ್ರ ಅದರ ಚೂರುಪಾಲು. ಆ ಜಾಗ ತುಂಬಿದ ಮೇಲೆ ಹಾಕಿದ್ದು ಹಾಳಾಗುತ್ತದೆ, ಮೊದಲಿನದೂ ಅಳಿಯಬಹುದು. ಆದುದರಿಂದ ಹೊಸದನ್ನು ತಂದೊಡನೆ ಬೇಡದ ಫೈಲುಗಳಿಂದ ಪೂರ್ತಿ ತುಂಬಿಸಿ, ತೆರೆದು ನೋಡಿ. ಸರಿಯಿದ್ದರೆ ಅಳಿಸಿ, ನಿಮ್ಮದನ್ನು ಹಾಕಿ. ಬೆಲೆಬಾಳುವ ದಾಖಲೆಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ.

ಕಡಿಮೆ ತೋರಿಸಿದ ಡಿಸ್ಕನ್ನು ಸಂಶಯಿಸಬೇಡಿ. ಕಡಿಮೆ ಬೆಲೆಗೆ ಬೆಟ್ಟದಷ್ಟು ಕೊಡುವುದನ್ನು ಸಂಶಯಿಸಿ.