ಕಾಡುಬಸಳೆಯ ಬೆಳಗಿನ ಹುಳಿ

ಬೇಸಿಗೆಯಲ್ಲಿ ಪುಣಜನೂರಿನ ಸುತ್ತಲ ಕಾಡು ಎಲೆ ಉದುರಿಸಿ ನಿಂತಾಗಲೂ ಕತ್ತಾಳೆ, ಪಾಪಾಸುಕಳ್ಳಿಗಳ ಹಸಿರು ಮಾಸುವುದಿಲ್ಲ. ಬಿಸಿಲಿನಲ್ಲಿ ಪತ್ರರಂಧ್ರ ತೆರೆದರೆ ಒಡಲಿನ ನೀರೆಲ್ಲ ಆವಿಯಾಗುತ್ತದೆ. ಅದಕ್ಕೇ ಇವು ಇರುಳಿನಲ್ಲಿ ಉಸಿರಾಡುವ ಬಾಗಿಲು ತೆರೆದು ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತವೆ, ಮ್ಯಾಲಿಕ್ ಆಮ್ಲವಾಗಿಸಿ ಜೀವಕೋಶದ ರಸದಾನಿಯಲ್ಲಿ ತುಂಬಿಡುತ್ತವೆ. ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು, ಆ ಆಮ್ಲ ಬಿಟ್ಟುಕೊಟ್ಟ ಇಂಗಾಲದಿಂದ ಸಕ್ಕರೆ ಕಟ್ಟುತ್ತವೆ. ಇದರ ಹಳೆಯ ಸುಳಿವುಗಳಲ್ಲೊಂದು ಸಿಕ್ಕಿದ್ದು ನಾಲಿಗೆಗೆ. ಟಿಪ್ಪುವಿನ ನಂತರ ಲಾಲ್‌ಬಾಗನ್ನು ನೋಡಿಕೊಂಡ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಮುಂಜಾನೆ ಹುಳಿ, ನಡುಹಗಲಿಗೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು.

ಈ ಹುಳಿಯನ್ನು ಕಣಜದ ದಾಸ್ತಾನೆಂದಷ್ಟೇ ಓದುವುದು ರೂಢಿ. ಅದು ಅರ್ಧ ಮಾತು. ಹುಳಿ ಜೀನ್‌ಗಳಿಗೆ ತಲುಪುವ ಸುದ್ದಿಯೂ ಹೌದು. ಇಂಗಾಲ ಹಿಡಿಯುವ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವನ್ನು ಇರುಳಿನಲ್ಲಿ ಚುರುಕಾಗಿಡುವುದು ಇನ್ನೊಂದು ಕಿಣ್ವ, ಕೈನೇಸ್. ಅದರ ಜೀನ್ ಕತ್ತಲಾದ ಮೇಲೆ ಎಚ್ಚರಗೊಳ್ಳುತ್ತದೆ. ಹಾಗಾದರೆ ಗಿಡದ ಒಳಗಡಿಯಾರವೇ ಸಾಲದೆ, ಹುಳಿಯನ್ನೇಕೆ ನಡುವೆ ತರಬೇಕು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ 1999ರಲ್ಲಿ ಬ್ರಿಟನ್ನಿನ ಆನ್ ಬೋರ್ಲಾಂಡ್, ಹ್ಯೂ ನಿಮ್ಮೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿದೆ. ಕಾಡುಬಸಳೆಯ ಹತ್ತಿರದ ನೆಂಟನೊಂದರ ಎಲೆಗಳನ್ನು ಅವರು ಇರುಳಿಡೀ ಆಮ್ಲಜನಕವಿಲ್ಲದ ವಾತಾವರಣದಲ್ಲಿಟ್ಟು, ಹುಳಿ ಕೂಡದಂತೆ ತಡೆದರು. ಬೆಳಗ್ಗೆ ಮಾಮೂಲಿ ಗಾಳಿಗೆ ತಂದರೆ, ಗಡಿಯಾರದ ಲೆಕ್ಕದಲ್ಲಿ ತಣ್ಣಗಾಗಬೇಕಿದ್ದ ಜೀನ್‌ನ ಸಂದೇಶ ಹೊರುವ ಎಂ-ಆರ್‌ಎನ್‌ಎ ಮೊದಲ 3 ಗಂಟೆ ಸಾಮಾನ್ಯ ಎಲೆಗಳಿಗಿಂತ ಹೆಚ್ಚೇ ಇತ್ತು. ಎಲೆ ಗಾಳಿಯಿಂದ ಇಂಗಾಲ ಹಿಡಿಯುತ್ತಲೇ ಇತ್ತು. ಹಸಿದ ಎಲೆ ಹೊತ್ತು ಮೀರಿ ದುಡಿಯಿತು.

ಆಮ್ಲ ಕಿಣ್ವವನ್ನು ನೇರವಾಗಿಯೇ ತಡೆಯುತ್ತದಲ್ಲ, ಜೀನ್‌ನ ಮಾತೇಕೆ ಎಂಬ ಆಕ್ಷೇಪಕ್ಕೂ ಅಲ್ಲೇ ಉತ್ತರವಿದೆ. ಇರುಳಿನ ಉಷ್ಣತೆಯನ್ನು 19ರಿಂದ 27 ಡಿಗ್ರಿಗೆ ಏರಿಸಿದಾಗ, ರಸದಾನಿಯಿಂದ ಆಮ್ಲ ಹೊರಗೆ ಸೋರಿ ಜೀನ್‌ನ ಎಂ-ಆರ್‌ಎನ್‌ಎಯೇ ಬೇಗ ಕುಸಿಯಿತು. ಹುಳಿ ಕೂಡಲು ಬಿಡದ ಎಲೆಯಲ್ಲಿ ಅದೇ ಸೆಕೆ ಆ ಕುಸಿತ ತರಲಿಲ್ಲ. ಎಂದರೆ ಸೆಕೆಯೊಂದೇ ಕಾರಣವಲ್ಲ. ಜೀನನ್ನು ತಗ್ಗಿಸಿದ್ದು ಆಮ್ಲ ಎಂದೇ ಓದಬೇಕಾಗುತ್ತದೆ. ಇರುಳುಗಳು ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ನಮ್ಮ ಬೇಲಿಯ ಕತ್ತಾಳೆಯಲ್ಲೂ ಇದನ್ನು ಅಳೆಯಬೇಕು. ಮೊದಲ ಹೆಜ್ಜೆಯನ್ನು ಶಾಲೆಯ ಮಕ್ಕಳೇ ಇಡಬಹುದು: ಮುಂಜಾನೆ ಒಂದು, ಸಂಜೆ ಒಂದು ಕಾಡುಬಸಳೆ ಎಲೆ ಅರೆದು, ರಸಕ್ಕೆ ಪಿಎಚ್ ಕಾಗದ ಅದ್ದಿ ಬಣ್ಣ ಹೋಲಿಸಿ ನೋಡಲಿ. ನಾಲಿಗೆಗೆ ಮಾತ್ರ ಬೇಡ. ಆ ಎಲೆ ಮೇಯ್ದ ದನಗಳಿಗೆ ವಿಷವಾಗುತ್ತದೆ.