ಮೈಯಳತೆಗೆ ಒಂದು ಸೈಕಲ್ಲು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆ ಸೈಕಲ್ಲು ಕಲಿತವರಿಗೆ ‘ಒಳಪೆಡಲು’ ಎಂದರೇನೆಂದು ವಿವರಿಸಬೇಕಾಗಿಲ್ಲ. ಸೀಟು ಎಟುಕದ ಬಾಲಕನು ಫ್ರೇಮಿನ ತ್ರಿಕೋನದೊಳಗೆ ಕಾಲು ತೂರಿಸಿ, ತೋಳಿನಿಂದ ಸೀಟನ್ನು ಅಪ್ಪಿಕೊಂಡು ಸೊಟ್ಟಗೆ ಸಾಗುವ ಆ ಸವಾರಿ ನೋಡುವವರಿಗೆ ವಿನೋದವೇ ಸರಿ. ಅಪ್ಪನ ಸೈಕಲ್ಲು ಮಗನಿಗೆ ದೊಡ್ಡದು. ಇನ್ನೊಂದನ್ನು ಕೊಳ್ಳುವ ಶಕ್ತಿ ಮನೆಗಿಲ್ಲ. ಹೀಗಾಗಿ ಮೈಯೇ ಸೈಕಲ್ಲಿಗೆ ಹೊಂದಿಕೊಳ್ಳಬೇಕಾಯಿತು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳಿಗೂ ಸ್ವಂತ ಸೈಕಲ್ಲು ದೊರೆಯಿತು. ಅದು ಸಣ್ಣ ಸಂಗತಿಯಲ್ಲ. ಆದರೂ ರಾಶಿಯಾಗಿ ತಯಾರಾದ ವಸ್ತು ಸವಾರನ ಎತ್ತರವನ್ನು ವಿಚಾರಿಸುವುದಿಲ್ಲ.

ವಿಚಾರಿಸಿಯೇ ಕೆಲಸಕ್ಕೆ ಕೈಹಾಕುವ ಕುಶಲಿಗಳು ಇಂಗ್ಲೆಂಡ್, ಇಟಲಿ, ಜಪಾನುಗಳ ಸಣ್ಣ ಕಾರ್ಯಾಗಾರಗಳಲ್ಲಿದ್ದಾರೆ. ದರ್ಜಿಯಂತೆ ಅವರು ಮೊದಲು ಗಿರಾಕಿಯ ಕಾಲು, ಮುಂಡ, ತೋಳುಗಳ ಉದ್ದವನ್ನು ಅಳೆದು ನಕ್ಷೆ ಬರೆಯುತ್ತಾರೆ. ಬಳಿಕ ಉಕ್ಕಿನ ಕೊಳವೆಗಳನ್ನು ಕೊಯ್ದು, ಒಂದರ ಬಾಯಿ ಇನ್ನೊಂದರ ಮೈಗೆ ಕಚ್ಚಿ ಕೂರುವಂತೆ ಅರದಿಂದ ಉಜ್ಜುತ್ತಾರೆ. ಕುಶಲಿಯ ಯೋಗ್ಯತೆ ತಿಳಿಯುವುದು ಇಲ್ಲಿಯೇ: ಸಂದು ಅಗಲವಾದರೆ ಬೆಸುಗೆಯು ಅದನ್ನು ಮರೆಮಾಡಬಲ್ಲದು, ಬಲಪಡಿಸಲಾರದು.

ಕೊಳವೆಯೂ ಸಾಮಾನ್ಯದ್ದಲ್ಲ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ ಎಂಬವರು 1897ರಲ್ಲಿ ತುದಿಗಳಲ್ಲಿ ದಪ್ಪವೂ ನಡುವೆ ತೆಳುವೂ ಆದ ಕೊಳವೆಗೆ ಪೇಟೆಂಟ್ ಪಡೆದರು. ಬೆಸುಗೆಯ ಶಾಖವೂ ಸವಾರನ ಭಾರವೂ ಹೆಚ್ಚಾಗಿ ತಟ್ಟುವುದು ತುದಿಗಳಿಗೇ ತಾನೇ? ಹಗುರವಾದ ಫ್ರೇಮುಗಳಲ್ಲಿ ನಡುವಿನ ದಪ್ಪ ಅರ್ಧ ಮಿಲಿಮೀಟರಿನಷ್ಟೇ ಇರುವುದುಂಟು.

ಬೆಸುಗೆ ಹಾಕುವುದನ್ನು ಅಕ್ಕಸಾಲಿಗನು ನೋಡಿದರೆ ತನ್ನದೇ ಕಸುಬೆಂದಾನು. ಬಿಳಿಗಾರದಂಥ ದ್ರಾವಕವನ್ನು ಸಂದಿಗೆ ಸವರಿ, ಉರಿ ಹಿಡಿದು, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಿತ್ತಾಳೆಯನ್ನು ಕರಗಿಸುತ್ತಾರೆ. ಉಕ್ಕು ಕರಗುವುದಿಲ್ಲ, ಕರಗಿದ ಹಿತ್ತಾಳೆಯನ್ನು ಸಂದು ತಾನಾಗಿ ಒಳಕ್ಕೆಳೆದುಕೊಳ್ಳುತ್ತದೆ. ಉರಿ ಒಂದೆಡೆ ಬಹಳ ಹೊತ್ತು ನಿಂತಿತೋ, ತೆಳುವಾದ ಉಕ್ಕು ಸತ್ವಗೆಡುತ್ತದೆ. ಈ ದೋಷ ಬಣ್ಣದ ಅಡಿಯಲ್ಲಿ ಅಡಗಿದ್ದು, ಎಂದೋ ಒಂದು ದಿನ ರಸ್ತೆಯಲ್ಲಿ ಬಿರುಕಾಗಿ ಹೊರಬೀಳಬಹುದು. ಪ್ರಾಣದ ಪ್ರಶ್ನೆಯಾದ್ದರಿಂದಲೇ ಜಪಾನಿನಲ್ಲಿ 1948ರಲ್ಲಿ ಕೊಕುರ ನಗರದಲ್ಲಿ ಆರಂಭವಾದ ಕೈರಿನ್ ಪಂದ್ಯಗಳಿಗೆ ಫ್ರೇಮು ಕಟ್ಟುವವರು ಮೊದಲು ಮಾನ್ಯತೆ ಪಡೆಯಬೇಕು.

ಫ್ರೇಮು ನೇರವಾಗಿದೆಯೇ ಎಂದು ನೋಡಲು ಮಾತ್ರ ಒಂದು ದಾರ ಸಾಕು. ಹಿಂಚಕ್ರ ಕೂರುವ ಒಂದು ಕವಲಿನಿಂದ ದಾರವನ್ನೆಳೆದು, ಹ್ಯಾಂಡಲಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಕವಲಿಗೆ ಕಟ್ಟಬೇಕು. ಸೀಟಿನ ಕೊಳವೆಯಿಂದ ಎರಡು ಕಡೆಯ ದಾರಕ್ಕೂ ಸಮ ಅಂತರವಿದ್ದರೆ ಸರಿ.

ಇಂಥ ಒಂದು ಫ್ರೇಮಿನ ಬೆಲೆಗೆ ನಮ್ಮಲ್ಲಿ ಹತ್ತಾರು ಸೈಕಲ್ಲುಗಳು ಬಂದಾವು. ಸಾಮಾನ್ಯ ಸಂಸಾರಕ್ಕೆ ಅದು ಕನಸೇ. ಆದರೆ ಅಳೆಯುವುದಕ್ಕೆ ಹಣ ಬೇಡ. ಮಗುವು ಫ್ರೇಮಿನ ಎರಡು ಕಡೆ ಕಾಲಿಟ್ಟು ನೆಲದ ಮೇಲೆ ನಿಂತಾಗ ಮೇಲಿನ ಕೊಳವೆಗೂ ಮೈಗೂ ನಡುವೆ ಒಂದೆರಡು ಅಂಗುಲ ತೆರವಿರಬೇಕು. ಸೀಟಿನಲ್ಲಿ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಆಗದಿದ್ದರೆ ಸ್ಪ್ಯಾನರಿನಿಂದ ಸೀಟನ್ನು ಏರಿಸಿಯೋ ಇಳಿಸಿಯೋ ನೋಡಬಹುದು. ಮೇಲಿನ ಕೊಳವೆಯೇ ಮೈಗೆ ತಾಗುವಂತಿದ್ದರೆ ಅಂಗಡಿಯಲ್ಲಿಯೇ ಚಿಕ್ಕ ಫ್ರೇಮನ್ನು ಕೇಳುವುದು ಲೇಸು.