ಮನೆಮಂದಿಯೆಲ್ಲ ಕೇಳಿದ ಪುಟ್ಟ ಕಂಠ

ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಬಯಲುಸೀಮೆಯ ಬಿಸಿಲು ಇಳಿಯುತ್ತಿದೆ. ಎದುರಿನ ಆಸನದಲ್ಲಿ ತಾಯಿಯೊಬ್ಬಳು ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲನೆ ಜೋಗುಳ ಹಾಡುತ್ತಿದ್ದಾಳೆ. ಆ ಜೋಗುಳ ಅವಳ ಅಜ್ಜಿ ಕಲಿಸಿದ್ದಾಗಿರಬಹುದು. 'ಬಾನ ದಾರಿಯಲ್ಲಿ' ಎಂಬ ಚಿತ್ರಗೀತೆಯೇ ಆಗಿದ್ದರೂ ಆಶ್ಚರ್ಯಪಡಬೇಕಾದುದಿಲ್ಲ. ಸೋಜಿಗದ ಸಂಗತಿಯೆಂದರೆ, ಕನ್ನಡದ ಇಷ್ಟೊಂದು ತೊಟ್ಟಿಲುಗಳನ್ನು ತೂಗಿದ ಆ ಗೀತೆಯನ್ನು ಬೆಳ್ಳಿತೆರೆಗಾಗಿ ಹಾಡಿದವರು ಹೆಂಗಸರಲ್ಲ, ದೊಡ್ಡವರೂ ಅಲ್ಲ. ಜೋಗುಳ ಕೇಳಿ ಮಲಗುವ ವಯಸ್ಸನ್ನು ಆಗತಾನೆ ದಾಟಿದ್ದ ಒಬ್ಬ ಹುಡುಗ!

ಆ ಹುಡುಗನನ್ನು ಅಂದು ಚಿತ್ರಗಳ ಹೆಸರುಪಟ್ಟಿ 'ಮಾಸ್ಟರ್ ಲೋಹಿತ್' ಎಂದು ಕರೆಯುತ್ತಿತ್ತು. ಮುಂದೆ ನಾಡೆಲ್ಲ ಅವನನ್ನು ಪುನೀತ್ ರಾಜ್‌ಕುಮಾರ್ ಎಂದು ಗುರುತಿಸಿತು. ಮನೆಯವರಿಗೂ ಅಭಿಮಾನಿಗಳಿಗೂ ಅವನು ಅಪ್ಪು.

ತೊಟ್ಟಿಲಿನಿಂದ ತೆರೆಗೆ

ವರನಟ ಡಾ. ರಾಜ್‌ಕುಮಾರ್ ಮತ್ತು ಪಾರ್ವತಮ್ಮನವರ ಐವರು ಮಕ್ಕಳಲ್ಲಿ ಕಿರಿಯವನಾಗಿ ೧೯೭೫ರ ಮಾರ್ಚ್ ೧೭ರಂದು ಮದರಾಸಿನಲ್ಲಿ ಈತನ ಜನನವಾಯಿತು. ಮರುವರ್ಷ ತೆರೆಕಂಡ 'ಪ್ರೇಮದ ಕಾಣಿಕೆ'ಯಲ್ಲಿಯೇ ಹಸುಗೂಸಾಗಿ ಈತನ ದರ್ಶನವಾಯಿತು. ೧೯೮೦ರ 'ವಸಂತ ಗೀತ'ದ ವೇಳೆಗೆ ಐದು ವರ್ಷದ ಬಾಲಕ ಕ್ಯಾಮರಾದ ಮುಂದೆ ಮನೆಯಂಗಳದಲ್ಲಿ ಆಡಿದಷ್ಟೇ ಸಲೀಸಾಗಿ ಓಡಾಡುತ್ತಿದ್ದ.

ಈ ಮನೆತನದಲ್ಲಿ ಅಭಿನಯವೂ ಗಾಯನವೂ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ. ತಾತ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಬಾಯ್ತುಂಬ ಹಾಡಲು ಬಾರದವನಿಗೆ ಕಂಪನಿ ನಾಟಕದಲ್ಲಿ ಪಾತ್ರವೆಲ್ಲಿಯದು? ಬಾಲಕ ಮುತ್ತುರಾಜನೂ ಅದೇ ರಂಗದ ಧೂಳಿನಲ್ಲಿ ಬೆಳೆದು ಮುಂದೆ ರಾಜ್‌ಕುಮಾರ್ ಆದರು. ತೆರೆಯ ಮೇಲೆ ಬಹುಕಾಲ ಅವರಿಗೆ ಪಿ. ಬಿ. ಶ್ರೀನಿವಾಸ್ ಅವರ ಮಧುರ ಕಂಠ ಹಿನ್ನೆಲೆಯಾಗಿತ್ತು. ೧೯೭೪ರ 'ಸಂಪತ್ತಿಗೆ ಸವಾಲ್' ಚಿತ್ರದ ಬಳಿಕ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಕಿರಿಯ ಮಗ ಹುಟ್ಟಿದ್ದು ಅದರ ಮರುವರ್ಷ. ಎಂದರೆ, ಅವನು ಕಣ್ಣುಬಿಟ್ಟಾಗ ಮನೆಯ ಯಜಮಾನ ನಟ ಮಾತ್ರವಲ್ಲ, ನಾಡು ಮೆಚ್ಚಿದ ಗಾಯಕನೂ ಆಗುತ್ತಿದ್ದ ಕಾಲವದು.

ಮಗುವಿನ ಹಾಡು ಮಗುವಿಗೇ

ಚಲನಚಿತ್ರಗಳಲ್ಲಿ ಮಕ್ಕಳ ಪಾತ್ರಕ್ಕೆ ಹಾಡುವವರು ಸಾಮಾನ್ಯವಾಗಿ ದೊಡ್ಡವರೇ. ಎಸ್. ಜಾನಕಿಯವರಂಥ ಗಾಯಕಿಯರು ಕಂಠವನ್ನು ಕಿರಿದುಗೊಳಿಸಿ ಎಳೆಯರ ಮುದ್ದುಮಾತನ್ನು ಹಾಡಿನಲ್ಲಿ ತರುತ್ತಿದ್ದ ಜಾಣ್ಮೆಯನ್ನು ರಸಿಕರು ಬಲ್ಲರು. ಇಂಥ ರೂಢಿಯ ನಡುವೆ, ಪಾತ್ರ ವಹಿಸಿದ ಬಾಲಕನೇ ತನ್ನ ಹಾಡನ್ನೂ ಹಾಡಬೇಕೆಂಬುದು ಸಣ್ಣ ಸಾಹಸವಾಗಿರಲಿಲ್ಲ. ತಾಳ ತಪ್ಪಬಾರದು, ಶ್ರುತಿ ಜಾರಬಾರದು. ಆದರೆ ಹಾಡು ಹಾಡಿದವನು ಮಗುವೆಂಬುದೂ ಮರೆಯಾಗಬಾರದು.

ಬಿ. ಎಸ್. ರಂಗಾ ಅವರ 'ಭಾಗ್ಯವಂತ' ಚಿತ್ರಕ್ಕಾಗಿ ಚಿ. ಉದಯಶಂಕರ್ ಬರೆದು, ಟಿ. ಜಿ. ಲಿಂಗಪ್ಪ ರಾಗ ಸಂಯೋಜಿಸಿದ 'ಬಾನ ದಾರಿಯಲ್ಲಿ' ಈ ಪರೀಕ್ಷೆಯಲ್ಲಿ ಗೆದ್ದಿತು. ಅದರಲ್ಲಿ ಕಸರತ್ತಿನ ಸಂಗತಿಗಳಿಲ್ಲ. ಮಗುವಿನ ಉಸಿರಿಗೆ ನಿಲುಕುವಷ್ಟು ಉದ್ದದ ಸಾಲುಗಳು, ಬಾಯಿಗೆ ಸುಲಭವಾಗಿ ಹತ್ತುವ ಮಾತುಗಳು. ಬರೆದವರೂ ಸ್ವರ ಹಾಕಿದವರೂ ಹಾಡುವವನ ಅಳತೆಯನ್ನರಿತು ಅಂಗಿ ಹೊಲಿದಂತಿದೆ.

೧೯೮೨ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಅವರ 'ಚಲಿಸುವ ಮೋಡಗಳು' ಬಂದಿತು. ರಾಜನ್–ನಾಗೇಂದ್ರ ಸೋದರರ ಸಂಗೀತದಲ್ಲಿ ಏಳು ವರ್ಷದ ಬಾಲಕ 'ಕಾಣದಂತೆ ಮಾಯವಾದನು' ಎಂಬ ಗೀತೆಯನ್ನು ಹಾಡಿದ. ಶಿವನು ಕೈಲಾಸ ಸೇರಿಕೊಂಡ ಬಗೆಯನ್ನು ನಗುನಗುತ್ತಲೇ ದೂರುವ ಹಾಡು ಅದು. ದೊಡ್ಡವರು ಹೇಳಿದರೆ ವೇದಾಂತವಾಗಬಹುದಾದ ಮಾತು ಮಗುವಿನ ಬಾಯಲ್ಲಿ ತುಂಟತನವಾಯಿತು. ಈ ಚಿತ್ರದ ಅಭಿನಯಕ್ಕೆ ರಾಜ್ಯದ ಅತ್ಯುತ್ತಮ ಬಾಲನಟ ಪ್ರಶಸ್ತಿ ದೊರೆಯಿತು. ಮರುವರ್ಷದ 'ಎರಡು ನಕ್ಷತ್ರಗಳು' ಅದೇ ಗೌರವವನ್ನು ಮತ್ತೆ ತಂದಿತು. ೧೯೮೪ರ 'ಯಾರಿವನು' ಚಿತ್ರದಲ್ಲಿ ತಾಯಿಯನ್ನು ಕುರಿತು ಹಾಡಿದ ಗೀತೆ ಶಾಲಾ ವಾರ್ಷಿಕೋತ್ಸವಗಳ ನೆಚ್ಚಿನ ಹಾಡಾಯಿತು.

ದುರ್ಗದ ಸೀಮೆಯಲ್ಲಿ

ಚಿತ್ರದುರ್ಗದವರಿಗೆ ಸಿನೆಮಾ ದೂರದ ಮಾತಲ್ಲ. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ೧೯೭೨ರಲ್ಲಿ ತೆರೆಗೆ ತಂದ 'ನಾಗರಹಾವು' ಈ ಕೋಟೆಯ ಬಂಡೆಗಳನ್ನು ನಾಡಿಗೆಲ್ಲ ಪರಿಚಯಿಸಿತ್ತು. ಹಾಡಂತೂ ಈ ಸೀಮೆಗೆ ಇನ್ನೂ ಹಳೆಯ ಒಡವೆ. ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ಕಂಠದಲ್ಲಿ ಕಾಪಾಡಿಕೊಂಡಿದ್ದ ಸಿರಿಯಜ್ಜಿ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯವಳು. ಕಿವಿಯಿಂದ ಕಿವಿಗೆ ಹಾಡು ದಾಟಿಸುವುದು ಇಲ್ಲಿನ ಮನೆಗಳಲ್ಲಿ ಬುತ್ತಿ ಕಟ್ಟಿಕೊಡುವಷ್ಟೇ ಸಹಜ.

ಟೆಂಟು ಸಿನೆಮಾಗಳು ಇನ್ನೂ ಉಸಿರಾಡುತ್ತಿದ್ದ ದಿನಗಳವು. ಆಟ ಆರಂಭವಾಗುವ ಮೊದಲು ಡೇರೆಯ ಮೇಲಿನ ಧ್ವನಿವರ್ಧಕ ಊರಿಗೆಲ್ಲ ಹಾಡು ಹಂಚುತ್ತಿತ್ತು; ಒಳಗೆ ಹೋಗಲು ಕಾಸಿಲ್ಲದವರಿಗೂ ಹಾಡಿಗೆ ಕೊರತೆಯಿರಲಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವವಾಗಲಿ, ಹೊಳಲ್ಕೆರೆಯ ಬಯಲು ಗಣಪತಿಯ ಪೂಜೆಯಾಗಲಿ, ಮದುವೆಯ ಚಪ್ಪರವಾಗಲಿ, ಎಲ್ಲಿಯೂ ಹಿಂಜರಿಯದೆ ಹಾಕಬಹುದಾದ ಹಾಡುಗಳಿವು. ಮಾವನ ಎದುರು ಸೊಸೆ ತಲೆ ತಗ್ಗಿಸಬೇಕಾದ ಮಾತು ಅವುಗಳಲ್ಲಿ ಇರಲಿಲ್ಲ. ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಚಾಪೆಯ ಮೇಲೆ ಕುಳಿತು ಕೇಳಬಹುದಾಗಿತ್ತು.

ಬೆಟ್ಟದ ಹೂವು

ಬಾಲಕನ ಕಲಾಜೀವನಕ್ಕೆ ಕಳಶವಿಟ್ಟದ್ದು ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ೧೯೮೫ರ 'ಬೆಟ್ಟದ ಹೂವು'. ಶರ್ಲಿ ಅರೋರಾ ಎಂಬ ಅಮೇರಿಕನ್ ಲೇಖಕಿಯ ಕಾದಂಬರಿ ಇದಕ್ಕೆ ಆಧಾರ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂಬ ಆಸೆಯಿಂದ ಬೆಟ್ಟದ ಹೂಗಳನ್ನು ತಂದುಕೊಟ್ಟು ಕಾಸು ಕೂಡಿಡುವ ಬಡ ಹುಡುಗ ರಾಮು, ಕಡೆಗೆ ಆ ಹಣದಲ್ಲಿ ಪುಸ್ತಕ ಕೊಳ್ಳದೆ ಮನೆಯವರ ಚಳಿಗೆ ಕಂಬಳಿ ತರುತ್ತಾನೆ. ಕಂಬಳಿ ನೇಯ್ದು ಬಾಳುವ ಕುಟುಂಬಗಳಿರುವ ದುರ್ಗದ ಸೀಮೆಯವರಿಗೆ ಆ ಕಂಬಳಿಯ ಬೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ರಾಮುವಿನ ಪಾತ್ರಕ್ಕಾಗಿ ಹತ್ತು ವರ್ಷದ ಬಾಲಕನಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಗಾಯನಕ್ಕಾಗಿ ತಂದೆಗೆ ರಾಷ್ಟ್ರಪ್ರಶಸ್ತಿ ದೊರೆತುದು ೧೯೯೨ರ 'ಜೀವನ ಚೈತ್ರ'ಕ್ಕೆ. ಆ ಮನೆಯಲ್ಲಿ ಈ ಒಂದು ವಿಷಯದಲ್ಲಿ ಮಗನೇ ಹಿರಿಯ!

ಕಂಠಕ್ಕೂ ಒಂದು ಕಾಲ

ಎಳೆಯ ಕಂಠ ದೇವರು ಸಾಲವಾಗಿ ಕೊಟ್ಟ ಒಡವೆ; ಅವಧಿ ಮುಗಿದೊಡನೆ ಹಿಂದಿರುಗಿಸಲೇಬೇಕು. ಹನ್ನೆರಡು ಹದಿಮೂರರ ಹೊತ್ತಿಗೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆಯುತ್ತದೆ. ಧ್ವನಿತಂತುಗಳು ಉದ್ದವಾಗಿ ದಪ್ಪಗಾಗಿ, ಸ್ವರ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಿನ್ನೆ ಚಪ್ಪಾಳೆ ತಂದ ಕಂಠ ಇಂದು ಒಡೆದು ನಗೆಗೀಡಾಗುತ್ತದೆ. ಹಾಡೇ ತನ್ನ ಬೆಲೆಯೆಂದು ನಂಬಿ ಬೆಳೆದ ಮಗುವಿಗೆ ಇದಕ್ಕಿಂತ ದೊಡ್ಡ ಆಘಾತ ಬೇರಿಲ್ಲ.

ಲೋಹಿತನ ಬಾಳಿನಲ್ಲೂ ಆ ತಿರುವು ಬಂದಿತು. ೧೯೮೯ರ 'ಪರಶುರಾಮ್' ಚಿತ್ರದ ವೇಳೆಗೆ ಆತನಿಗೆ ಹದಿನಾಲ್ಕು. ಅಲ್ಲಿಗೆ ಬಾಲನಟನ ಅಧ್ಯಾಯ ಮುಗಿಯಿತು. ಬಳಿಕ ೨೦೦೨ರ ಏಪ್ರಿಲಿನಲ್ಲಿ 'ಅಪ್ಪು' ಚಿತ್ರದ ನಾಯಕನಾಗಿ ಮರಳುವವರೆಗೆ ಹದಿಮೂರು ವರ್ಷಗಳ ಅಂತರ. ಆ ಚಿತ್ರದಲ್ಲಿಯೂ ಆತ ಹಾಡಿದರು. ಆದರೆ ಹಳೆಯ ಕಂಠವನ್ನು ಅನುಕರಿಸಲು ಹೋಗಲಿಲ್ಲ. ಬೆಳೆದ ಗಂಡಸಿನ ದನಿಯಲ್ಲಿ ಹೊಸ ಕಾಲದ ಹುಡುಗರ ಹಾಡನ್ನು ಹಾಡಿದರು.

ಇಂದು ದೂರದರ್ಶನದ ಸ್ಪರ್ಧೆಗಳಿಗೆಂದು ಹಿರಿಯೂರು, ಹೊಸದುರ್ಗಗಳಂಥ ಊರುಗಳಿಂದಲೂ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ರಾಜಧಾನಿಗೆ ಹೊರಡುತ್ತಾರೆ. ಅದು ತಪ್ಪೆಂದು ಹೇಳುವವರು ನಾವಲ್ಲ. ಆದರೆ ವರನಟನ ಮಗನಿಗಿದ್ದ ಆಸರೆ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಹಾಡು ನಿಂತ ವರ್ಷಗಳಲ್ಲಿ ಕಾಯುವ ಮನೆಯೊಂದು ಆತನಿಗಿತ್ತು. ಬಹುಮಾನ ತಪ್ಪಿದ ರಾತ್ರಿ, ಕಂಠ ಒಡೆದ ವರ್ಷ, ಮಗು ತನ್ನ ಮನೆಯಲ್ಲಿ ಅದೇ ಮುದ್ದಿನ ಮಗುವಾಗಿ ಉಳಿಯಬಲ್ಲುದೇ? ಹೊರಡುವ ಮೊದಲು ತಂದೆತಾಯಿಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮರಳಿ ಬಂದ ಜೋಗುಳ

೨೦೨೧ರ ಅಕ್ಟೋಬರ್ ೨೯ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಪುನೀತ್ ಹಠಾತ್ತನೆ ಅಗಲಿದರು. ತಂದೆಯಂತೆಯೇ ಅವರ ಕಣ್ಣುಗಳೂ ದಾನವಾದವು. ಕಂಠೀರವ ಸ್ಟುಡಿಯೋದಲ್ಲಿ ತಂದೆತಾಯಿಯರ ಮಗ್ಗುಲಲ್ಲಿ ಅವರನ್ನು ಮಲಗಿಸಿದರು. ಮರುವರ್ಷ ರಾಜ್ಯೋತ್ಸವದ ದಿನ ಸರ್ಕಾರ ಮರಣೋತ್ತರವಾಗಿ 'ಕರ್ನಾಟಕ ರತ್ನ'ವನ್ನು ಅರ್ಪಿಸಿತು.

ಆ ದುಃಖದ ದಿನಗಳಲ್ಲಿ ಊರೂರಿನ ವೃತ್ತಗಳಲ್ಲಿ ಅವರ ಭಾವಚಿತ್ರಕ್ಕೆ ಹೂವೇರಿಸಿದಾಗ ಕೇಳಿಬಂದ ಹಾಡುಗಳಲ್ಲಿ ನಾಯಕನ ಅಬ್ಬರದ ಗೀತೆಗಳಿಗಿಂತ ಜನರ ಮನ ಕಲಕಿದವು ಆ ಎರಡು ಹಳೆಯ ಹಾಡುಗಳು. ಶಿವನು ಮಾಯವಾದ ತಮಾಷೆಯ ಹಾಡು ಈಗ ತಮಾಷೆಯಾಗಿ ಕೇಳಲಿಲ್ಲ. ಆರೇಳು ವರ್ಷದ ಹುಡುಗ ಹಾಡಿದ್ದ ಜೋಗುಳವನ್ನು, ಅದನ್ನು ಕೇಳಿ ಬೆಳೆದವರೇ ಈಗ ತಿರುಗಿ ಅವನಿಗಾಗಿ ಹಾಡಿದರು.

ಬಸ್ಸು ಹೊಸದುರ್ಗ ತಲುಪುವ ಹೊತ್ತಿಗೆ ಕತ್ತಲಾಗಿರುತ್ತದೆ. ತಾಯಿಯ ತೊಡೆಯ ಮೇಲಿನ ಕೂಸು ನಿದ್ದೆ ಹೋಗಿರುತ್ತದೆ.